ಹಂಡೆಯೊಳಗೆ ಮನಿಪ್ಲಾಂಟು

ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಈಗ ಒಂದು ಗೋಡೆ ಕಡ್ಡಾಯವಾಗಿದೆ. ಟೀವಿಯ ಗೋಡೆ ಅಲ್ಲ, ದೇವರ ಗೋಡೆಯೂ ಅಲ್ಲ. ಅದು ಊರಿನ ಗೋಡೆ. ವಡೋದರಾದ ಗೋರ್ವಾದಲ್ಲಿ, ಪಕ್ಕದ ಸುಭಾನಪುರಾ, ಗೋತ್ರಿಗಳಲ್ಲಿ ನಾನು ಅರಿಷಿಣ-ಕುಂಕುಮಕ್ಕೆ ಹೋಗಿಬರುವ ಹೆಚ್ಚಿನ ಮನೆಗಳಲ್ಲಿ ಅದಿದೆ. ಅಡಕೊತ್ತು, ಚನ್ನೆಮಣೆ, ಕಡಗೋಲು, ಹಿತ್ತಾಳೆಯ ಸೇರು ಮತ್ತು ಪಾವು, ಸೊಟ್ಟಗಾದ ಒಂದು ತಂಬಿಗೆ, ಎಲ್ಲವನ್ನೂ ಮೊಳೆ ಹೊಡೆದು ಸಾಲಾಗಿ ಕೂರಿಸಿರುತ್ತಾರೆ. ಮೇಲೊಂದು ಹಳದಿ ಬಲ್ಬು. ಕೆಳಗೆ ಮೂಲೆಯಲ್ಲಿ ತಾಮ್ರದ ಹಂಡೆ, ಅದರೊಳಗೆ ಮನಿಪ್ಲಾಂಟು. ಬಂದವರು "ಎಷ್ಟು ಛಲೋ ಇಟ್ಟೀರಿ" ಅನ್ನಬೇಕು, ಮನೆಯಾಕೆ "ಇದು ನಮ್ಮ ಅತ್ತೆಯವರ ಅತ್ತೆದು" ಅನ್ನಬೇಕು. ಆಮೇಲೆ ಉಪ್ಪಿಟ್ಟು ಬರುತ್ತದೆ.

ನನಗೆ ಈ ಗೋಡೆಯ ಮೇಲೆ ಸಿಟ್ಟಿದೆ. ಊರಲ್ಲಿರುವ ನೀವು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ಆ ಸಾಮಾನೆಲ್ಲ ಬಂದದ್ದು ನಿಮ್ಮ ಮನೆಗಳಿಂದ.

ಗೋರ್ವಾ ಅಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ವಡೋದರಾ ಊರಿನ ವಾಯವ್ಯಕ್ಕೆ ಇರುವ ಬಡಾವಣೆ. ಒಂದು ಕಡೆ 1907ರಲ್ಲಿ ಶುರುವಾದ ಅಲೆಂಬಿಕ್ ಔಷಧ ಕಾರ್ಖಾನೆಯ ಜಾಗ, ಇನ್ನೊಂದು ಕಡೆ ಸಣ್ಣ ಕಾರ್ಖಾನೆಗಳ ಎಸ್ಟೇಟು, ಸ್ವಲ್ಪ ಮುಂದೆ ಕೊಯಲಿಯ ಎಣ್ಣೆ ಶುದ್ಧೀಕರಣ ಘಟಕ. ಆ ಘಟಕ 1965ರಲ್ಲಿ ಕೆಲಸ ಶುರು ಮಾಡಿತು, ಅದರ ಬೆನ್ನಿಗೆ ಪೆಟ್ರೋಕೆಮಿಕಲ್ಸ್ ಬಂತು, ಇವುಗಳ ಬೆನ್ನಿಗೆ ನಮ್ಮಂಥವರು ಬಂದೆವು. ಸೂರತ್ಕಲ್ಲಲ್ಲೋ ಹುಬ್ಬಳ್ಳಿಯಲ್ಲೋ ಇಂಜಿನಿಯರಿಂಗ್ ಓದಿದವರು, ಬ್ಯಾಂಕಿನ ವರ್ಗಾವಣೆಯವರು, ಅವರ ಹಿಂದೆ ಟ್ರಂಕು ಹಿಡಿದು ಬಂದ ಹೆಂಡಂದಿರು. ಮೊದಲ ತಲೆಮಾರು ಊರಿಂದ ತಂದದ್ದು ಉಪ್ಪಿನಕಾಯಿ, ಹಪ್ಪಳ, ಜೋಳದ ಹಿಟ್ಟು. ಹಂಡೆ ತಂದವರಿರಲಿಲ್ಲ. ಬಾಡಿಗೆ ಮನೆಯಲ್ಲಿ ಅದನ್ನು ಇಡುವುದಾದರೂ ಎಲ್ಲಿ? ಸ್ವಂತ ಫ್ಲ್ಯಾಟಾಗಿ, ಒಳಗಿನ ಅಲಂಕಾರಕ್ಕೆಂದೇ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದು "ಆಂಟಿ, ಇಲ್ಲೊಂದು ವಿಂಟೇಜ್ ಕಾರ್ನರ್ ಮಾಡೋಣ" ಅಂದ ಮೇಲೆ ಊರಿನ ಅಟ್ಟ ನೆನಪಾಯಿತು.

ಆ ಹಂಡೆಯ ಕಥೆ ಹೇಳುತ್ತೇನೆ. ನಮ್ಮ ಸೊಸೈಟಿಯಲ್ಲೇ ಇರುವ, ಗದಗ ಕಡೆಯ ಒಂದು ಮನೆಯದು. ತಮ್ಮ ಇಲ್ಲಿ ನೌಕರಿಯಲ್ಲಿ, ಅಣ್ಣ ಊರಲ್ಲಿ ಹೊಲ-ಮನೆ ನೋಡಿಕೊಂಡು. ತಮ್ಮ ದೀಪಾವಳಿ ರಜೆಗೆ ಹೋದವನು ಬಚ್ಚಲದ ಒಲೆಯ ಮೇಲಿನ ಹಂಡೆ ಕೇಳಿದ. ಅಣ್ಣ ಇಲ್ಲ ಅನ್ನಲಿಲ್ಲ. ದೂರದಲ್ಲಿರುವ ತಮ್ಮ, ಅಪರೂಪಕ್ಕೆ ಬಂದಾನ, ಬಾಯಿಬಿಟ್ಟು ಕೇಳ್ಯಾನ. ಹಂಡೆಯ ಮಸಿ ತೆಗೆಸಿ, ಗೋಣಿತಟ್ಟಿನಲ್ಲಿ ಸುತ್ತಿ, ಹುಬ್ಬಳ್ಳಿಯಲ್ಲಿ ಅಜ್ಮೀರ ಗಾಡಿಗೆ ಹತ್ತಿಸಿದರು. ಮುಂದೆ ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆ ಅಣ್ಣನ ಹೆಂಡತಿ ಗೋರ್ವಾಕ್ಕೆ ಬಂದರು. ಡ್ರಾಯಿಂಗ್ ರೂಮಿನಲ್ಲಿ ಹಂಡೆ ನೋಡಿ "ಗಿಡಾ ಛಲೋ ಹಬ್ಬೇತಿ" ಅಂದರು, ಅಷ್ಟೆ. ಅಡಿಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಉಳಿದದ್ದು ಹೊರಬಂತು. "ತಂಗೀ, ಅದರಾಗ ದಿನಾ ಮುಂಜಾನೆ ಎಂಟು ಮಂದಿಗೆ ನೀರ ಕಾಯಸ್ತಿದ್ದೆ. ಈಗ ಅಲ್ಯುಮಿನಿಯಂ ಪಾತೇಲಿ ಇಟ್ಟೀನಿ. ಎರಡ ಸಲ ತೂತ ಬಿತ್ತು. ಇವರ ಹಂಡ್ಯಾಕ ತಾವ ತೂತ ಹಾಕ್ಸ್ಯಾರ, ನೀರ ಇಳೀಲಿ ಅಂತ."

ಹೌದು, ಗಿಡ ಕೊಳೆಯಬಾರದೆಂದು ನರ್ಸರಿಯವನು ಹಂಡೆಯ ತಳಕ್ಕೆ ಮೂರು ತೂತು ಕೊರೆದಿದ್ದ. ಆ ಹಂಡೆ ವಾಪಸು ಹೋದರೂ ಇನ್ನು ನೀರು ಕಾಯಿಸಲಾರದು.

ಇದಕ್ಕೆ ನಮ್ಮವರು ಕೊಡುವ ಉತ್ತರ ನನಗೆ ಬಾಯಿಪಾಠವಾಗಿದೆ. "ನಾವು ತರದೆ ಇದ್ದಿದ್ದರೆ ಗುಜರಿಗೆ ಹೋಗ್ತಿತ್ತು." ನಾವು ಕನ್ನಡದಲ್ಲಿ ಮೋಡಕಾಕ್ಕೆ ಗುಜರಿ ಅನ್ನುತ್ತೇವಲ್ಲ, ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯ ರವಿವಾರದ ಸಂತೆಯ ಹೆಸರೇ ಗುಜರಿ ಬಜಾರು. ಅಹಮದ್ ಶಾಹನ ಕಾಲದಿಂದ ನಡೆದು ಬಂದದ್ದು ಅಂತ ಅಲ್ಲಿನವರು ಹೇಳುತ್ತಾರೆ. ಇರಲಿ. ಗುಜರಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಸ್ಟೀಲು ಬಂದ ಕಾಲಕ್ಕೆ ನಮ್ಮ ಅವ್ವಂದಿರೇ ಹಿತ್ತಾಳೆ ಕೊಟ್ಟು ಸ್ಟೀಲಿನ ಡಬ್ಬಿ ತಗೊಂಡರು. ತೂಕದ ಲೆಕ್ಕದಲ್ಲಿ ಎಷ್ಟೋ ಮನೆಗಳ ಕೊಡ, ಹರಿವಾಣ, ಪರಾತ ಕರಗಿಹೋದವು. ಅಹಮದಾಬಾದಿನ ಸುರೇಂದ್ರ ಪಟೇಲರು 1981ರಲ್ಲಿ ವಿಶಾಲಾದ ಆವರಣದಲ್ಲಿ ವೇಚಾರ್ ಎಂಬ ಪಾತ್ರೆಗಳ ಮ್ಯೂಸಿಯಂ ತೆರೆದದ್ದು ಇಂಥ ಕರಗುವ ಪಾತ್ರೆಗಳನ್ನು ಉಳಿಸಲಿಕ್ಕೆ. ನಾಲ್ಕು ಸಾವಿರಕ್ಕೂ ಹೆಚ್ಚು ಪಾತ್ರೆ ಅಲ್ಲಿವೆ. ನಾನು ಎರಡು ಸಲ ಹೋಗಿ ನೋಡಿ ಕೈಮುಗಿದು ಬಂದಿದ್ದೇನೆ. ಆದರೆ ಗದಗಿನ ಆ ಹಂಡೆ ಯಾವ ಗುಜರಿಗೂ ಹೊರಟಿರಲಿಲ್ಲ. ಅದರ ಕೆಳಗೆ ಬೆಂಕಿ ಉರಿಯುತ್ತಿತ್ತು.

ಸಾಯುತ್ತಿರುವುದನ್ನು ಎತ್ತಿ ತರುವುದು ಬೇರೆ, ಬದುಕಿರುವುದನ್ನು ಎತ್ತಿ ತಂದು ಗೋಡೆಗೆ ಹೊಡೆಯುವುದು ಬೇರೆ. ನಮ್ಮ ಜನ ಎರಡನೆಯದನ್ನು ಮಾಡಿ ಮೊದಲನೆಯದರ ಪುಣ್ಯ ಕೇಳುತ್ತಾರೆ.

"ಗುಜರಾತಿಗಳೂ ಪಾತ್ರೆ ಜೋಡಿಸಿಡುತ್ತಾರಲ್ಲ" ಅಂತ ಒಬ್ಬರು ನನ್ನ ಬಾಯಿ ಮುಚ್ಚಿಸಲು ನೋಡಿದರು. ಜೋಡಿಸಿಡುತ್ತಾರೆ, ನಿಜ. ಇಲ್ಲಿಯ ಹಳೆಯ ಮನೆಗಳಲ್ಲಿ, ಅದರಲ್ಲೂ ಸೌರಾಷ್ಟ್ರದ ಕಡೆ, ಕೋಣೆಯ ಗೋಡೆಗುಂಟ ಎತ್ತರದಲ್ಲಿ ಒಂದು ಹಲಗೆ ಓಡಿರುತ್ತದೆ. ಅಭರಾಈ ಅನ್ನುತ್ತಾರೆ. ಅದರ ಮೇಲೆ ಹಿತ್ತಾಳೆ-ತಾಮ್ರದ ಪಾತ್ರೆಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಹೊಳೆಯುತ್ತಿರುತ್ತವೆ. ದೀಪಾವಳಿಗೆ ಎಲ್ಲ ಕೆಳಗಿಳಿಯುತ್ತವೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಮೇಲೇರುತ್ತವೆ. ನೋಡಲು ನಮ್ಮ ಫ್ಲ್ಯಾಟಿನ ಗೋಡೆಯ ಹಾಗೇ. ಆದರೆ ಆ ಸಾಲಿನಲ್ಲಿ ಬಹಳಷ್ಟು ಆ ಮನೆಯ ಸೊಸೆ ತನ್ನ ತವರಿಂದ ಆಣಾದಲ್ಲಿ ತಂದದ್ದು. ಅದು ಅವಳ ಆಸ್ತಿ, ನಾಲ್ಕು ಜನ ನೋಡಲೆಂದೇ ಮೇಲಿಟ್ಟದ್ದು. ಮದುವೆ ಬಂದರೆ ಇಳಿಯುತ್ತದೆ, ಅಡಿಗೆಗೆ ಹೋಗುತ್ತದೆ, ಎಣಿಸಿ ಮತ್ತೆ ಮೇಲಿಡುತ್ತಾರೆ. ಯಾರದೆಂದು ಗೊತ್ತಿರುವ ಪಾತ್ರೆ ಅದು. ನಮ್ಮ ಗೋಡೆಯ ಪಾತ್ರೆ ಯಾರದು?

ಈ ಪ್ರಶ್ನೆಗೆ ಪಾತ್ರೆಯ ಮೇಲೆಯೇ ಉತ್ತರವಿತ್ತು. ನಿಮ್ಮ ಮನೆಯ ಹಳೇ ತಂಬಿಗೆಯನ್ನು ಈಗಲೇ ತೆಗೆದು ನೋಡಿ. ಕಂಠದ ಹತ್ತಿರ ಚುಕ್ಕೆ ಚುಕ್ಕೆಯಾಗಿ ಉಳಿಯಲ್ಲಿ ಕೊರೆಸಿದ ಅಕ್ಷರ ಇರುತ್ತದೆ. ಯಾರ ಮದುವೆಗೆ, ಯಾರು ಆಯೇರಿ ಮಾಡಿದ್ದು, ಯಾವ ಊರಿಂದ. ಕೆಲವದರಲ್ಲಿ ತಾರೀಖೂ ಇರುತ್ತದೆ. ಓದು-ಬರಹ ಬಾರದ ಎಷ್ಟೋ ಹೆಂಗಸರ ಹೆಸರು ಅವರ ಜೀವಮಾನದಲ್ಲಿ ಒಂದೇ ಕಡೆ ಬರೆಯಲ್ಪಟ್ಟದ್ದು ಅಂದರೆ ಆ ತಂಬಿಗೆಯ ಕಂಠದ ಮೇಲೆ. ಹೊಲದ ಉತಾರದಲ್ಲಿ ಅವರ ಹೆಸರಿರಲಿಲ್ಲ, ಮನೆಯ ಬಾಗಿಲಲ್ಲೂ ಇರಲಿಲ್ಲ.

ಈಗ ಗೋಡೆಗೆ ಹೋಗುವ ಮುಂಚೆ ಪಾತ್ರೆ ಬಫಿಂಗ್ ಯಂತ್ರಕ್ಕೆ ಹೋಗುತ್ತದೆ. ಕನ್ನಡಿಯಾಗಿ ಬರುತ್ತದೆ. ಅಕ್ಷರದ ಚುಕ್ಕೆಗಳು ಅರ್ಧ ಸವೆದಿರುತ್ತವೆ, ಎರಡನೆಯ ಸಲಕ್ಕೆ ಪೂರ್ತಿ. ಮೇಲೆ ಬಣ್ಣವಿಲ್ಲದ ಒಂದು ಲೇಪ ಬಳಿಯುತ್ತಾರೆ, ಕಿಲುಬು ಹಿಡಿಯಬಾರದೆಂದು. ಆ ಲೇಪ ಬಿದ್ದ ಪಾತ್ರೆಯಲ್ಲಿ ಇನ್ನು ಅಡಿಗೆ ಮಾಡಬಾರದು, ಕಾಯಿಸಿದರೆ ಲೇಪ ಸುಡುತ್ತದೆ. ಅಂದರೆ ಹೆಸರೂ ಹೋಯಿತು, ಕೆಲಸವೂ ಹೋಯಿತು. ಇಷ್ಟಾದ ಮೇಲೆ "ಅತ್ತೆಯವರ ಅತ್ತೆದು" ಅನ್ನುವ ಮಾತಿಗೆ ಸಾಕ್ಷಿ ಏನು? ಆ ಅತ್ತೆಯ ಅತ್ತೆಯ ಹೆಸರೇನೆಂದು ನಾನು ಮೂರು ಮನೆಗಳಲ್ಲಿ ಕೇಳಿದ್ದೇನೆ. ಮೂರು ಕಡೆಯೂ "ನಮ್ಮನಿಯವರನ್ನ ಕೇಳಬೇಕು" ಅಂದರು.

ಇನ್ನೊಂದು ಮಾತು, ಕಾನೂನಿನದು. ಹೊಲದ ವಿಷಯ ಬಂದರೆ ನಮ್ಮ ಅಣ್ಣತಮ್ಮಂದಿರು ಸರ್ವೆಯವರನ್ನು ಕರೆಸಿ ಗುಂಟೆಗೆ ಗುಂಟೆ ಅಳೆಸುತ್ತಾರೆ. ಹೆಣ್ಣುಮಕ್ಕಳ ಪಾಲಿನ ಮಾತು ಕರ್ನಾಟಕದಲ್ಲಿ 1994ರಲ್ಲೇ ಕಾಯಿದೆಯಾಯಿತು, ದೇಶಕ್ಕೆಲ್ಲ 2005ರಲ್ಲಿ. ಅದೆಲ್ಲ ತಂದೆಯ ಕಡೆಯ ಪಿತ್ರಾರ್ಜಿತದ ಮಾತು. ತಾಯಿಯ ಸ್ವಂತ ಆಸ್ತಿಯ ವಿಷಯದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮೊದಲ ದಿನದಿಂದಲೂ ಸ್ಪಷ್ಟ: ಆಕೆ ಉಯಿಲು ಬರೆಯದೆ ಹೋದರೆ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸರಿಪಾಲು. ತವರಿನಿಂದ ತಾಯಿ ತಂದ ಹರಿವಾಣ, ಕೊಡ, ಬೆಳ್ಳಿಯ ಕುಂಕುಮದ ಭರಣಿ ತಾಯಿಯ ಆಸ್ತಿಯೇ ಅಲ್ಲವೇ? ಅದನ್ನು ವಡೋದರಾಕ್ಕೋ ನ್ಯೂಜೆರ್ಸಿಗೋ ಒಯ್ಯುವಾಗ ಬೆಳಗಾವಿಯಲ್ಲಿರುವ ತಂಗಿಯನ್ನು ಕೇಳಿದವರು ಎಷ್ಟು ಮಂದಿ? "ಹಳೇ ಸಾಮಾನಕ್ಕ ಏನ್ ಕೇಳೂದು" ಅನ್ನುತ್ತಾರೆ. ಹಳೇ ಸಾಮಾನು ಅಂತಾದರೆ ಅದಕ್ಕೆ ಹಳದಿ ಬಲ್ಬು ಯಾಕೆ?

ಗೋಡೆಯ ಮೇಲೆ ಬರೀ ನಮ್ಮ ಊರಷ್ಟೇ ಇರುವುದಿಲ್ಲ. ಗುಜರಾತಿನಲ್ಲಿದ್ದೇವೆ ಅಂದ ಮೇಲೆ ಒಂದು ಕಛ್ ಕಸೂತಿಯ ತೋರಣವೂ, ಕನ್ನಡಿ ಚೂರುಗಳ ವಾಲ್ ಹ್ಯಾಂಗಿಂಗೂ ಬೇಕು. ಅಹಮದಾಬಾದಿನ ಲಾ ಗಾರ್ಡನ್ ಬಳಿ ಸಿಗುವ ಅಂಥ ಹ್ಯಾಂಗಿಂಗುಗಳನ್ನು ಹತ್ತಿರದಿಂದ ನೋಡಿದರೆ ತೋಳಿನ ಆಕಾರ, ಎದೆಯ ಆಕಾರ ಕಾಣುತ್ತದೆ. ಹೆಂಗಸರು ತೊಟ್ಟ ಹಳೇ ರವಿಕೆ, ಲಂಗಗಳನ್ನು ಕತ್ತರಿಸಿ ಜೋಡಿಸಿದ್ದು ಅವು. ಕಛ್‌ನ ಢೇಬರಿಯಾ ರಬಾರಿ ಸಮಾಜದಲ್ಲಿ ಮದುಮಗಳು ತನ್ನ ಆಣಾದ ಕಸೂತಿಯನ್ನೆಲ್ಲ ಮುಗಿಸದೆ ಗಂಡನ ಮನೆಗೆ ಹೋಗುವಂತಿರಲಿಲ್ಲ. ಬೇಡಿಕೆ ಬೆಳೆದು ಬೆಳೆದು ಹುಡುಗಿಯರು ಮೂವತ್ತರ ಹತ್ತಿರ ಬಂದರೂ ಹೊಲಿಯುತ್ತಲೇ ಕೂರುವ ಸ್ಥಿತಿ ಬಂತು. ಕಡೆಗೆ 1995ರಲ್ಲಿ ಆ ಸಮಾಜದವರು ತಮ್ಮ ಬಳಕೆಗೆ ಕಸೂತಿ ಹಾಕುವುದನ್ನೇ ನಿಷೇಧಿಸಿಬಿಟ್ಟರು. ಹಾಕಿದವರಿಗೆ ದಂಡ. ಅಂಥ ವರ್ಷಗಳ ಕಣ್ಣುನೋವು ನಮ್ಮ ಸೋಫಾದ ಹಿಂದೆ ನೇತಾಡುತ್ತಿದೆ, ಸೋಫಾದ ಬಣ್ಣಕ್ಕೆ ಹೊಂದುತ್ತದೆ ಅನ್ನುವ ಕಾರಣಕ್ಕೆ. ಬೇರೆಯವರ ಮನೆಯ ಹೆಂಗಸರ ದುಡಿಮೆಯನ್ನು ಹೀಗೆ ನೋಡಲು ಕಲಿತ ಕಣ್ಣು ತನ್ನ ಮನೆಯ ಕಡಗೋಲನ್ನೂ ಹಾಗೇ ನೋಡುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು ಮೊಸರು ಕಡೆದವಳ ರಟ್ಟೆ ಅದಕ್ಕೆ ಕಾಣುವುದಿಲ್ಲ, ಮರದ ಕೆತ್ತನೆ ಕಾಣುತ್ತದೆ.

ಇನ್ನು ಕೆಲವರಿಗೆ ಊರಲ್ಲಿ ಅಟ್ಟವೇ ಇಲ್ಲ. ಅವರು ಕಾರೈಕುಡಿಗೆ ಹೋಗುತ್ತಾರೆ. ಚೆಟ್ಟಿನಾಡಿನ ದೊಡ್ಡ ಮನೆಗಳು ಬರಿದಾದಾಗ ಹೊರಬಿದ್ದ ಪಾತ್ರೆ, ಕಂಬ, ಪಟಗಳ ಅಂಗಡಿಗಳು ಅಲ್ಲಿ ಸಾಲಾಗಿವೆ. ಅಲ್ಲಿಂದ ಕೊಂಡ ತೂಗುದೀಪ ಗೋರ್ವಾಕ್ಕೆ ಬಂದು ಎರಡೇ ವರ್ಷದಲ್ಲಿ "ನಮ್ಮ ಅಜ್ಜಿದು" ಆದದ್ದನ್ನು ನಾನೇ ಕೇಳಿದ್ದೇನೆ. ತಮಿಳು ಅಕ್ಷರ ಇತ್ತು ಅದರ ಮೇಲೆ! ಹೆಚ್ಚು ಹೇಳುವುದಿಲ್ಲ.

ಆದರೆ ಹಂಡೆಗಿಂತ, ದೀಪಕ್ಕಿಂತ ನನ್ನನ್ನು ಹೆಚ್ಚು ಕೆಣಕಿದ್ದು ಓಲೆಗರಿ. ಒಂದು ಮನೆಯಲ್ಲಿ ಗಾಜಿನ ಚೌಕಟ್ಟಿನಲ್ಲಿ ಐದು ಓಲೆಗರಿ ಹಾಕಿದ್ದಾರೆ, ಬಿಸಿಲು ನೇರ ಬೀಳುವ ಗೋಡೆಗೆ. ಉಳಿದದ್ದೆಲ್ಲಿ ಅಂದೆ. "ನಾಲ್ಕು ಜನ ಅಣ್ಣತಮ್ಮಂದಿರಲ್ರೀ, ಐದೈದು ಹಂಚಿಕೊಂಡ್ವಿ" ಅಂದರು. ಒಂದು ಪುಸ್ತಕವನ್ನು ನಾಲ್ಕು ಊರಿಗೆ ಹರಿದು ಹಂಚಿದ್ದಾರೆ, ಹೋಳಿಗೆ ಹಂಚಿದ ಹಾಗೆ. ಏನು ಬರೆದಿದೆ ಅಂದರೆ ಗೊತ್ತಿಲ್ಲ, ಓದಲು ಬರುವುದಿಲ್ಲ. ಮೋಡಿ ಇರಬಹುದು ಅಂದರು. ಅದು ಮೋಡಿ ಅಲ್ಲ, ಹಳೆಗಾಲದ ಕೈಬರಹದ ಕನ್ನಡ. ಎರಡು ಮೂರು ಅಕ್ಷರ ನನಗೇ ಹತ್ತಿತು. ಈ ಮನೆಯಿಂದ ರಿಕ್ಷಾದಲ್ಲಿ ಹೋಗಬಹುದಾದ ದೂರದಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಇದೆ. ಸಾವಿರಾರು ಹಸ್ತಪ್ರತಿಗಳನ್ನು ಕಾಪಿಟ್ಟ ಜಾಗ, ಗಾಯಕವಾಡ ಓರಿಯೆಂಟಲ್ ಸೀರೀಸನ್ನು 1916ರಿಂದ ಹೊರತಂದದ್ದು ಇದೇ ಊರು. ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿ ಬಂದದ್ದೂ ಆ ಸಂಸ್ಥೆಯಿಂದ, ಹತ್ತಾರು ಓಲೆಪ್ರತಿ-ಕಾಗದಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಿ.

ನಮ್ಮ ಮೈಸೂರಿನದೇ ಉದಾಹರಣೆ ತಗೊಳ್ಳಿ. ತಂಜಾವೂರು ಕಡೆಯ ಒಬ್ಬ ಪಂಡಿತರು ತಮ್ಮಲ್ಲಿದ್ದ ಒಂದು ಓಲೆಗರಿಯ ಕಟ್ಟನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದರು. ಅಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. 1909ರಲ್ಲಿ ಅಚ್ಚಾಯಿತು. ಆ ಪಂಡಿತರಿಗೆ ನಾಲ್ಕು ಗಂಡುಮಕ್ಕಳಿದ್ದು, ನಾಲ್ವರಿಗೂ ಚೌಕಟ್ಟಿನ ಹುಚ್ಚಿದ್ದಿದ್ದರೆ ಏನಾಗುತ್ತಿತ್ತು? ಅರ್ಥಶಾಸ್ತ್ರದ ಐದು ಗರಿ ಯಾರದೋ ಸೋಫಾದ ಮೇಲಿರುತ್ತಿತ್ತು, ಬಣ್ಣ ಹಾರಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ, ಸಾಹಿತ್ಯ-ಇತಿಹಾಸದ ಬೆಲೆಯಿದ್ದು ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿ ಪ್ರಾಚ್ಯವಸ್ತುವೇ. ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಯೊಳಗೆ ಓಲೆಗರಿ ಇಟ್ಟುಕೊಂಡು ವಿಮಾನ ಹತ್ತುವವರಿಗೆ ಇದು ಗೊತ್ತಿರಲಿ.

ಹಾಗಾದರೆ ಯಾರೂ ಏನನ್ನೂ ಜೋಡಿಸಿಡಬಾರದೇ? ನಾನು ಹಾಗೆನ್ನುವುದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪದ ಹೆಸರಲ್ಲಿ ಮನೆಗಳನ್ನೇ ಎತ್ತಿ ತಂದು ನಿಲ್ಲಿಸಿದರು. ಬ್ಯಾಂಕಿನ ನೌಕರಿಯಲ್ಲಿದ್ದ ಮನುಷ್ಯ, 2017ರಲ್ಲಿ ತೀರಿಹೋದರು. ಅವರು ತಂದದ್ದು ಬಿದ್ದುಹೋಗುತ್ತಿದ್ದ ಮನೆಗಳನ್ನು. ಹರಕೂರಿನ ಮನೆಗೆ ಅಲ್ಲಿಯೂ ಹರಕೂರಿನ ಹೆಸರೇ ಇದೆ, "ಶೆಣೈಯವರ ಅಜ್ಜಿಯ ಮನೆ" ಅಂತ ಆಗಿಲ್ಲ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳೂ ಈಗ ದೂರದ ದೇಶಗಳ ಗೋಡೆ ಸೇರಿವೆ. ಅದನ್ನು ಹೊಲಿದವರೇ ಮಾರುತ್ತಾರೆ, ದುಡ್ಡು ಅವರ ಕೈಗೆ ಬರುತ್ತದೆ. ಕೊಂಡವನು ಗೋಡೆಗೆ ಹಾಕಲಿ, ಹೊದ್ದುಕೊಳ್ಳಲಿ, ನನ್ನದೇನೂ ತಕರಾರಿಲ್ಲ.

ನನ್ನ ತಕರಾರು ಕೌದಿಯನ್ನು ಗಾಜಿನೊಳಗೆ ಹಾಕುವ ಮೊಮ್ಮಕ್ಕಳ ಮೇಲೆ. ಕೌದಿ ಅಂದರೆ ಹೊದೆಯುವುದು. ಅಜ್ಜಿಯ ಇಳಕಲ್ಲಿನ ಸೆರಗು, ಅಜ್ಜನ ಧೋತರ, ಸತ್ತ ಕೂಸಿನ ಕುಲಾಯಿಯ ಚೂರು, ಎಲ್ಲ ಅದರ ಹೊಟ್ಟೆಯೊಳಗೆ ಇರುತ್ತವೆ. ಹರಿದರೆ ಮೇಲೊಂದು ತೇಪೆ ಬೀಳುತ್ತದೆ, ಅದು ನಮ್ಮ ಸೀರೆಯದು. ಹಾಗೇ ಬೆಳೆಯಬೇಕು ಅದು. ಗಾಜಿನೊಳಗೆ ಹೋದ ದಿನ ಅದಕ್ಕೆ ತೇಪೆ ಬೀಳುವುದು ನಿಂತಿತು. ವಡೋದರಾದಲ್ಲಿ ಜನವರಿಯ ರಾತ್ರಿ ನಮ್ಮ ಧಾರವಾಡಕ್ಕಿಂತ ಹೆಚ್ಚೇ ನಡುಗಿಸುತ್ತದೆ. ಗೋಡೆಯ ಮೇಲೆ ಕೌದಿ, ಕೆಳಗೆ ಮಲಗಿದವರ ಮೈಮೇಲೆ ಪಾಲಿಯೆಸ್ಟರ್ ಬ್ಲ್ಯಾಂಕೆಟ್ಟು!

ಬಳಸುವುದು ಫ್ಲ್ಯಾಟಿನಲ್ಲಿ ಸಾಧ್ಯವೇ ಇಲ್ಲ ಅನ್ನುವವರಿಗೆ ಹೇಳುತ್ತೇನೆ, ನಮ್ಮ ಅವ್ವ ಕೊಟ್ಟ ಪಾವಿನಲ್ಲೇ ನಾನು ಇವತ್ತಿಗೂ ಅಕ್ಕಿ ಅಳೆಯುತ್ತೇನೆ. 1956ರ ತೂಕ-ಅಳತೆ ಕಾಯಿದೆ ಬಂದು ಸೇರು-ಪಾವು ಅಂಗಡಿಯಿಂದ ಹೊರಬಿದ್ದವು, ಸರಿ. ನನ್ನ ಡಬ್ಬಿಯಿಂದ ಹೊರಬಿದ್ದಿಲ್ಲ. ಇಬ್ಬರಿಗೆ ಎಷ್ಟು, ನಾಲ್ವರಿಗೆ ಎಷ್ಟು ಅಂತ ಕೈಗೆ ಆ ಲೆಕ್ಕವೇ ಗೊತ್ತು. ಹಿತ್ತಾಳೆ ಪಾತೇಲಿಯಲ್ಲಿ ಸಾರು ಮಾಡಿದರೆ ಹುಳಿ ಕಿಲುಬುತ್ತದೆ ಅಂತಾರೆ. ಕಲಾಯಿ ಹಾಕಿಸಬೇಕು. ಮಾಂಡವಿಯ ಸುತ್ತಿನ ಹಳೇ ಪೇಟೆಯಲ್ಲಿ ಕಂಸಾರಾಗಳ ಅಂಗಡಿಗಳಿವೆ, ನಮ್ಮ ಕಡೆಯ ಕಂಚುಗಾರರ ಹಾಗೆ. ಕಲಾಯಿ ಅನ್ನುವ ಮಾತು ಗುಜರಾತಿಯಲ್ಲೂ ಕಲಾಈಯೇ, ಭಾಷೆಯ ತೊಂದರೆಯೂ ಇಲ್ಲ. ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ಸವರಿ, ಅರಿವೆಯಿಂದ ಒರೆಸಿಕೊಡುತ್ತಾರೆ. ಬೆಳ್ಳಿಯ ಹಾಗೆ ಬರುತ್ತದೆ, ದಿನಬಳಕೆಗೆ ತಿಂಗಳುಗಟ್ಟಲೆ ತಾಳುತ್ತದೆ. ಬಳಸಲಾಗದ್ದು ಇವೆ, ಒಪ್ಪಿದೆ. ಬೀಸುಕಲ್ಲು, ಒರಳು ಐದನೆಯ ಮಹಡಿಗಲ್ಲ. ಅವು ಊರಲ್ಲೇ ಇರಲಿ. ಅವುಗಳಿಗೆ ಅಲ್ಲಿ ನೆಲವಿದೆ.

ಕಡೆಯ ಮಾತು ಊರಲ್ಲಿರುವ ನಿಮಗೆ. ಗುಜರಾತಿನ ಶಾಲೆಗಳಿಗೆ ದೀಪಾವಳಿಗೆ ಮೂರು ವಾರ ರಜೆ. ನಾವೆಲ್ಲ ಆಗ ಅಜ್ಮೀರ ಗಾಡಿ ಹಿಡಿದು ಬರುತ್ತೇವೆ. ಬರುವಾಗ ಚೀಲದ ತುಂಬ ಭಾಕರವಡಿ, ಚೇವಡಾ ಇರುತ್ತದೆ, ನಿಮಗೆಲ್ಲ ಹಂಚುತ್ತೇವೆ. ಚೀಲ ಖಾಲಿಯಾಗುವುದೇ ನಮ್ಮ ಅನುಕೂಲ. ಮೂರನೆಯ ದಿನ ಯಾರೋ ಒಬ್ಬರು ಅಟ್ಟ ಹತ್ತುತ್ತಾರೆ. ಆಗ ನೀವು ಸಂಕೋಚ ಪಡಬೇಡಿ. ಬಳಸುತ್ತಿರುವುದನ್ನು ಕೇಳಿದರೆ "ಇದು ದಿನಾ ಬೇಕಾಗ್ತೈತಿ" ಅಂತ ಹೇಳಿಬಿಡಿ, ತಮ್ಮನಿಗೆ ಸಿಟ್ಟು ಬಂದರೆ ಬರಲಿ, ಮುಂದಿನ ದೀಪಾವಳಿಗೆ ಇಳಿಯುತ್ತದೆ. ಬಳಸದೆ ಇದ್ದದ್ದನ್ನು ಕೊಡುವುದಾದರೆ ಮೊದಲು ಅಕ್ಕತಂಗಿಯರಿಗೆ ಫೋನು ಮಾಡಿ, ಪಾತ್ರೆಯ ಮೇಲಿನ ಹೆಸರನ್ನು ಒಯ್ಯುವವರ ಕೈಯಿಂದಲೇ ಗಟ್ಟಿಯಾಗಿ ಓದಿಸಿ, ಬಫಿಂಗಿಗೆ ಹಾಕುವುದಿಲ್ಲ ಅಂತ ಮಾತು ತಗೊಂಡು ಕೊಡಿ. ಓಲೆಗರಿಯ ಕಟ್ಟು ಸಿಕ್ಕರೆ ಮಾತ್ರ ಯಾವ ತಮ್ಮನಿಗೂ ಕೊಡಬೇಡಿ, ಒಂದು ಗರಿಯನ್ನೂ. ಮೈಸೂರು, ಧಾರವಾಡ, ಹಂಪಿ, ಮೂರೂ ಕಡೆ ವಿಶ್ವವಿದ್ಯಾಲಯಗಳಲ್ಲಿ ಹಸ್ತಪ್ರತಿ ಓದುವವರಿದ್ದಾರೆ, ಮೂರೂ ಊರಿಗೆ ಬಸ್ಸಿದೆ.